ಠಾಣೆ, ಜೈಲು, ಬೀದಿನಾಯಿ: ಧಾರವಾಡ ಜಿಲ್ಲೆಯ ನಾಗರಿಕರು ಯಾರನ್ನು, ಏನೆಂದು ಕೇಳಬೇಕು

ಪೊಲೀಸ್ ಠಾಣೆಯಲ್ಲಿ ಅನ್ಯಾಯವಾದರೆ, ಜೈಲಿನಲ್ಲಿರುವ ಮಗನಿಗೆ ಔಷಧ ಸಿಗದಿದ್ದರೆ, ಓಣಿಯ ನಾಯಿಯನ್ನು ಹಿಡಿದೊಯ್ದವರು ಅದನ್ನು ಮರಳಿ ತಂದು ಬಿಡದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ಉತ್ತರವಿಲ್ಲ. ಅಮೆರಿಕದ ಬಹುತೇಕ ಕೌಂಟಿಗಳಲ್ಲಿ ಜನರೇ ಆರಿಸಿದ ಶೆರಿಫ್ ಇರುತ್ತಾರೆ, ಜೈಲೂ ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತದೆ, ಅದಕ್ಕೆ ಹಣ ಮಂಜೂರು ಮಾಡುವ ಚುನಾಯಿತ ಮಂಡಳಿಯ ಸಭೆಯಲ್ಲಿ ಜನರು ಎದ್ದುನಿಂತು ಪ್ರಶ್ನಿಸಬಹುದು. ಹಲವೆಡೆ ಪ್ರಾಣಿಗಳ ಆಶ್ರಯಧಾಮವೂ ಅದೇ ಆಡಳಿತದ್ದು. ನಮ್ಮಲ್ಲಿ ಪೊಲೀಸ್ ಮತ್ತು ಕಾರಾಗೃಹ ರಾಜ್ಯ ಸರ್ಕಾರದ ವಿಷಯಗಳು, ಬೀದಿನಾಯಿ ಪಾಲಿಕೆಯ ಹೊಣೆ, ಹಿಂಸೆಗೊಳಗಾದ ಪ್ರಾಣಿಯ ಮಾತು ಬಂದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಣಿ ದಯಾ ಸಂಘದ ಹೊಣೆ. ಅಧಿಕಾರ ಹೀಗೆ ಹಂಚಿಹೋಗಿರುವಾಗ ನಾಗರಿಕರು ಮಾಡಬೇಕಾದ ಮೊದಲ ಕೆಲಸವೆಂದರೆ, ಯಾವ ಕಚೇರಿ ಯಾವ ದಾಖಲೆಯನ್ನು ಇಡಲೇಬೇಕು ಎಂಬುದನ್ನು ತಿಳಿದುಕೊಂಡು, ಆ ದಾಖಲೆಯ ಹೆಸರು ಹಿಡಿದು ಲಿಖಿತವಾಗಿ ಕೇಳುವುದು.

ಎಲ್ಲ ಅರ್ಜಿಗೂ ಎರಡು ಪ್ರತಿ ಇರಲಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ ಮತ್ತು ಕಚೇರಿಯ ಠಸ್ಸೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಹಾಕಿಕೊಡಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಪ್ರತಿಗೆ ಲಗತ್ತಿಸಿ ಇಟ್ಟುಕೊಳ್ಳಿ.

ಪೊಲೀಸರಿಗೆ ಸಂಬಂಧಿಸಿದ ಅಹವಾಲಿನಲ್ಲಿ ಮೊದಲು ಗಡಿ ನೋಡಬೇಕು. ಅವಳಿ ನಗರದ ಠಾಣೆಗಳು ನವನಗರದಲ್ಲಿರುವ ಪೊಲೀಸ್ ಆಯುಕ್ತರ ಅಧೀನ. ಕುಂದಗೋಳ, ಕಲಘಟಗಿ, ನವಲಗುಂದದ ಠಾಣೆಗಳು ಧಾರವಾಡದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಅಧೀನ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಠಾಣೆ ದೂರನ್ನು ಸ್ವೀಕರಿಸಬೇಕು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣಾಧಿಕಾರಿ ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಈ ಮೆಟ್ಟಿಲುಗಳನ್ನು ಜಿಗಿಯಬೇಡಿ, ಏಕೆಂದರೆ ನ್ಯಾಯಾಲಯ ಮೊದಲು ಕೇಳುವುದೇ ಹಿಂದಿನ ಎರಡು ಅರ್ಜಿಗಳ ಪ್ರತಿಯನ್ನು. ಠಾಣೆಯವರು ದೂರನ್ನು ಮುಕ್ತಾಯಗೊಳಿಸಿ ಹಿಂಬರಹ ಕೊಟ್ಟರೆ ಅದನ್ನು ಬೇಸರದಿಂದ ಹರಿದೆಸೆಯದೆ ಜೋಪಾನ ಮಾಡಿ. ಮುಂದಿನ ಹಂತಕ್ಕೆ ಅದೇ ಆಧಾರವಾಗುತ್ತದೆ.

ಬಂಧನದ ಸಂಗತಿಯಲ್ಲಿ ಸಮಯವೇ ಮುಖ್ಯ. ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬನನ್ನು ರಾತ್ರಿ ಊಟದ ಹೊತ್ತಿಗೆ ಕರೆದೊಯ್ದಾಗ, ಅವನ ತಾಯಿಯ ಜೊತೆ ನಾನೂ ಠಾಣೆಗೆ ಹೋಗಿದ್ದೆ. ಗೋಡೆಯ ಬೋರ್ಡಿನಲ್ಲಿ ಬಂಧಿತರ ಹೆಸರಿನ ಸಾಲು ಖಾಲಿಯಿತ್ತು, ದಿನಾಂಕದ ಜಾಗದಲ್ಲಿ ಹಿಂದಿನ ತಿಂಗಳು ಸುಣ್ಣದ ಕಡ್ಡಿಯಿಂದ ಬರೆದದ್ದು ಅರ್ಧ ಅಳಿಸಿ ಹಾಗೆಯೇ ಉಳಿದಿತ್ತು. ವಿಚಾರಣೆಗೆಂದು ಕರೆತಂದಿದ್ದೇವೆ, ಬಂಧಿಸಿಲ್ಲ ಎಂಬ ಉತ್ತರ ಬಂತು. ಬಂಧಿತರನ್ನು 24 ಗಂಟೆಯೊಳಗೆ, ಪ್ರಯಾಣದ ಅವಧಿ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮವನ್ನು ದಾಟಲು ಇರುವ ಸುಲಭದ ದಾರಿಯೇ ಈ ಉತ್ತರ. ಆಗ ವಾದಕ್ಕೆ ಇಳಿಯದೆ, ಠಾಣೆಯ ಹೊರಗೆ ನಿಂತುಕೊಂಡೇ ಆಯುಕ್ತರ ಕಚೇರಿಗೆ ಒಂದು ಇಮೇಲ್ ಕಳಿಸಿ: ಇಂಥವರನ್ನು, ಇಂಥ ಗಂಟೆಗೆ, ಇಂಥ ಜಾಗದಿಂದ ಕರೆತರಲಾಗಿದೆ, ಬಂಧನದ ಕಾರಣವನ್ನು ಮನೆಯವರಿಗೆ ತಿಳಿಸಿಲ್ಲ. ಆ ಇಮೇಲಿನ ಗಂಟೆ-ನಿಮಿಷ ನಿಮ್ಮ ಸಾಕ್ಷಿ. ಅದೇ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 37ರಂತೆ ಪ್ರತಿ ಠಾಣೆಯಲ್ಲಿ ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ನೋಡಿಕೊಳ್ಳುವ, ಎಎಸ್‌ಐಗಿಂತ ಕಡಿಮೆಯಲ್ಲದ ದರ್ಜೆಯ ಅಧಿಕಾರಿಯೊಬ್ಬರು ಇರಬೇಕು, ಆ ವಿವರವನ್ನು ಎದ್ದುಕಾಣುವಂತೆ ಪ್ರದರ್ಶಿಸಬೇಕು. ಅವರ ಹೆಸರೇನೆಂದು ಕೇಳಿ, ಬರೆದುಕೊಳ್ಳಿ.

ಹೊಡೆತ ಬಿದ್ದಿದೆ ಎಂಬ ದೂರಿದ್ದರೆ ಸಿಸಿಟಿವಿ ದೃಶ್ಯವನ್ನು ಕಾಯ್ದಿಡಲು ಆ ವಾರದಲ್ಲಿಯೇ ಬರೆಯಬೇಕು. 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳ ಪ್ರವೇಶದ್ವಾರ, ಲಾಕಪ್ಪು, ಪಡಸಾಲೆಗಳಲ್ಲಿ ಧ್ವನಿಸಹಿತ ಕ್ಯಾಮೆರಾ ಇರಬೇಕೆಂದೂ, ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗದಂತೆ ಇಡಬೇಕೆಂದೂ ಹೇಳಿದೆ. ಅದೇ ತೀರ್ಪು ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿಯನ್ನು ಕಡ್ಡಾಯ ಮಾಡಿ, ಅದರಲ್ಲಿ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ನಗರದ ಮೇಯರ್ ಅಥವಾ ಗ್ರಾಮೀಣ ಭಾಗದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರಿಗೆ ಜಾಗ ಕೊಟ್ಟಿದೆ. ಮೇಯರ್ ನಮ್ಮ ಓಟಿನಿಂದ ಗೆದ್ದು ಬಂದ ಪಾಲಿಕೆ ಸದಸ್ಯರು. ಠಾಣೆಯ ಕ್ಯಾಮೆರಾ ಕೆಟ್ಟಿದ್ದರೆ ಅದು ಅವರಿಗೂ ಸಂಬಂಧಿಸಿದ ವಿಷಯ ಎಂಬುದನ್ನು ನಮ್ಮ 82 ವಾರ್ಡುಗಳ ಜನ ಅವರಿಗೆ ನೆನಪಿಸಬೇಕು. ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ.

ಗಂಭೀರ ದುರ್ನಡತೆಗೆ ಬೇರೆಯದೇ ಬಾಗಿಲಿದೆ. ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಕರ್ನಾಟಕವು 2012ರಲ್ಲಿ ಪೊಲೀಸ್ ಅಧಿನಿಯಮವನ್ನು ತಿದ್ದಿ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಮಾಡಿದೆ. ಡಿವೈಎಸ್‌ಪಿ ದರ್ಜೆಯವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರು ರಾಜ್ಯಕ್ಕೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯುವುದಾದರೆ ಘಟನೆ ನಡೆದು ಒಂದು ವರ್ಷ ದಾಟಬಾರದು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯ ಆರೋಪಿ ಪೊಲೀಸರ ಗುಂಡಿಗೆ ಬಲಿಯಾದಾಗ ಊರೆಲ್ಲ ಆ ಮಗುವಿಗಾಗಿ ಕುದಿಯುತ್ತಿತ್ತು, ಆ ಸಂಕಟ ನನ್ನದೂ ಆಗಿತ್ತು. ಆದರೂ ಅಂಥ ಸಾವಿಗೆ ಪ್ರತ್ಯೇಕ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತನಿಖೆ, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಲೇಬೇಕೆಂದು 2014ರಲ್ಲಿಯೇ ಸುಪ್ರೀಂ ಕೋರ್ಟ್ ವಿಧಿಸಿದೆ. ಅವು ಆಗಿವೆಯೇ ಎಂದು ಕೇಳುವುದು ಆರೋಪಿಯ ಪರ ವಕಾಲತ್ತಲ್ಲ.

ಇನ್ನು ಜೈಲು. ಧಾರವಾಡದಲ್ಲಿ ಕೇಂದ್ರ ಕಾರಾಗೃಹವಿದೆ, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾ ಕಾರಾಗೃಹಗಳಿವೆ. ಮುಲಾಖತ್ತಿಗೆ ಬಂದ ಒಬ್ಬ ತಾಯಿಯನ್ನು ಜೈಲಿನ ಬಾಗಿಲಲ್ಲಿ ಕಂಡಿದ್ದೆ. ಕೈಚೀಲದಲ್ಲಿ ಖಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಒಳಗೆ ಬಿಡುವುದಿಲ್ಲವೆಂದು ತಿಳಿದ ಮೇಲೆ ಗಂಟನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗನಿಗೆ ಜಾಮೀನು ಸಿಕ್ಕು 40 ದಿನವಾಗಿತ್ತು, ಜಾಮೀನುದಾರರು ಸಿಕ್ಕಿರಲಿಲ್ಲ, ಅದಕ್ಕೊಂದು ಪರಿಹಾರವಿದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಜಾಮೀನು ಮಂಜೂರಾಗಿ ಏಳು ದಿನದೊಳಗೆ ಬಿಡುಗಡೆಯಾಗದ ಬಂದಿಯ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಇಂಥ ಮನೆಯವರು ಪ್ರಾಧಿಕಾರಕ್ಕೆ ಅರ್ಧ ಪುಟದ ಅರ್ಜಿ ಬರೆದರೆ ಸಾಕು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿಯೂ ಕೇಳಬಹುದು.

ಇನ್ನೊಂದು ಲೆಕ್ಕವನ್ನು ಪ್ರತಿ ಕುಟುಂಬವೂ ತಾನೇ ಹಾಕಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479ರ ಪ್ರಕಾರ ವಿಚಾರಣಾಧೀನ ಬಂದಿ ತನ್ನ ಮೇಲಿನ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು, ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗವನ್ನು, ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮೂರು ವರ್ಷದವರೆಗೆ ಶಿಕ್ಷೆಯಿರುವ ಕಳವಿನ ಆರೋಪದಲ್ಲಿ ಮೊದಲ ಬಾರಿ ಸಿಕ್ಕಿಬಿದ್ದವರಿಗೆ ಅದು ಒಂದು ವರ್ಷ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸದು, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೂ ಸಿಗದು. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಬರೆಯುವ ಕರ್ತವ್ಯ ಜೈಲು ಅಧೀಕ್ಷಕರದು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಬಂದಿಗಳ ಪರಿಶೀಲನಾ ಸಮಿತಿಯೂ ಇಂಥ ಬಂದಿಗಳ ಪಟ್ಟಿಯನ್ನು ನೋಡುತ್ತದೆ. ಬಂಧನದ ದಿನಾಂಕ, ಕಲಂ ಮತ್ತು ನೀವು ಹಾಕಿದ ಲೆಕ್ಕವನ್ನು ಬರೆದು ಇಬ್ಬರಿಗೂ ಕಳಿಸಿ.

ಬೀದಿನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಪಾಲಿಕೆಗೆ ಮಾರ್ಗ ಹಾಕಿವೆ. ನಾಯಿಯನ್ನು ಹಿಡಿದ ಜಾಗವನ್ನು ಬರೆದುಕೊಳ್ಳಬೇಕು, ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬೇಕು, ಗುರುತಿಗಾಗಿ ಕಿವಿಗೆ ಕತ್ತರಿ ಹಾಕಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ರೇಬೀಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದೆಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿತು. ಹಾಗಾದರೆ ಅವನ್ನು ಇಡುವ ಆಶ್ರಯ ತಾಣದಲ್ಲಿ ನೀರು, ನೆರಳು, ಪಶುವೈದ್ಯರು ಇದ್ದಾರೆಯೇ ಎಂಬುದೂ ಈಗ ನಮ್ಮ ಪ್ರಶ್ನೆಯಾಗಬೇಕು. ನಮ್ಮ ಓಣಿಗೆ ಮರಳಿ ಬಂದ ಕೆಂದು ನಾಯಿಯ ಕಿವಿಯಲ್ಲಿ ಗುರುತಿತ್ತು, ಆದರೆ ಹೊಟ್ಟೆಯ ಹೊಲಿಗೆ ಬಿಚ್ಚಿ ಕೀವಾಗಿತ್ತು. ನೆಕ್ಕಿ ನೆಕ್ಕಿ ಸುತ್ತಲಿನ ಕೂದಲೆಲ್ಲ ಉದುರಿತ್ತು. ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಚಿಕಿತ್ಸೆ ಕೊಡಿಸಿದೆವು. ಅಂಥ ಸಂದರ್ಭದಲ್ಲಿ ಫೋಟೊ, ದಿನಾಂಕ, ಜಾಗದ ಸಹಿತ ಪಾಲಿಕೆ ಆಯುಕ್ತರಿಗೆ ಬರೆಯಿರಿ, ಏಕೆಂದರೆ ಸ್ಥಳೀಯ ಜನನ ನಿಯಂತ್ರಣ ಉಸ್ತುವಾರಿ ಸಮಿತಿಯ ಮುಖ್ಯಸ್ಥರು ಅವರೇ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಾಯಿಗಳ ಬಗ್ಗೆ ಕೇಳುವಾಗ ಒಟ್ಟು ಸಂಖ್ಯೆಯನ್ನಷ್ಟೇ ಕೇಳಬೇಡಿ. ಹಿಡಿದ, ಚಿಕಿತ್ಸೆ ಮಾಡಿದ, ಬಿಟ್ಟ ದಿನಾಂಕಗಳ ವಾರ್ಡುವಾರು ವಹಿ ಮತ್ತು ಪಾವತಿಸಿದ ಬಿಲ್ಲುಗಳನ್ನು ಒಟ್ಟಿಗೆ ಪರಿಶೀಲಿಸಲು ಅವಕಾಶ ಕೇಳಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಗಳನ್ನು ಎಣಿಸಿ ದಾಖಲಿಸಬೇಕೆಂಬ ನಿಯಮವಿರುವುದರಿಂದ ಆ ಎಣಿಕೆಯನ್ನೂ ಬಿಲ್ಲಿನೊಂದಿಗೆ ಹೋಲಿಸಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು, ಶುಲ್ಕ 10 ರೂಪಾಯಿ, ಉತ್ತರದ ಗಡುವು 30 ದಿನ. ಆದರೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ 48 ಗಂಟೆ. ಠಾಣೆ ಮತ್ತು ಜೈಲಿಗೆ ಸಂಬಂಧಿಸಿದ ಅರ್ಜಿಯಲ್ಲಿ ಈ 48 ಗಂಟೆಯ ಮಾತನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆ ಬಳಿಕ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಬೆಳಗಾವಿಯಲ್ಲಿಯೂ ಇದೆ.