ಸೋಲಾರ್ ಬಿಸಿನೀರಿಗೆ ಕಾಯುತ್ತಾ ಬಕೆಟ್‌ಗಟ್ಟಲೆ ತಣ್ಣೀರು ಚೆಲ್ಲುತ್ತೀರಾ? ರಿಟರ್ನ್ ಲೈನ್ ಹಾಕಿಸಿ

ಬೆಂಗಳೂರಿನ ಡ್ಯುಪ್ಲೆಕ್ಸ್ ಮನೆಗಳಲ್ಲಿ ಇದು ಮಾಮೂಲು. ತಾರಸಿಯ ಸೋಲಾರ್ ಟ್ಯಾಂಕ್ ತುಂಬಾ ಬಿಸಿನೀರು, ಕೆಳಗಿನ ಬಾತ್‌ರೂಮಿನ ನಲ್ಲಿಯಲ್ಲಿ ಬರೀ ತಣ್ಣೀರು. ರಾತ್ರಿಯಿಡೀ ಪೈಪಿನಲ್ಲಿ ನಿಂತು ಆರಿದ ನೀರು ಪೂರ್ತಿ ಹೊರಗೆ ಬರುವ ತನಕ ಕಾಯಲೇಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪ್ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. 20 ಮೀಟರಿಗೆ 5 ಲೀಟರ್ ಆಯಿತು. ಪೈಪೂ ಬಿಸಿಯಾಗಬೇಕಲ್ವಾ, ಹಾಗಾಗಿ ಚರಂಡಿ ಸೇರುವುದು ಇನ್ನೂ ಜಾಸ್ತಿ. ಆರಿದ ಈ ನೀರನ್ನು ಚೆಲ್ಲದೆ, ಪಂಪ್ ಹಾಕಿ ಮತ್ತೆ ಟ್ಯಾಂಕಿಗೇ ಕಳಿಸುವ ಪೈಪೇ ರಿಟರ್ನ್ ಲೈನ್.

ಮೊದಲು ನಲ್ಲಿ ಕೆಳಗೆ ಬಕೆಟ್ ಇಟ್ಟು ಅಳೆಯಿರಿ. ಎರಡು ಮೂರು ಲೀಟರಿಗೇ ಬಿಸಿ ಬಂದರೆ ಈ ಉಸಾಬರಿ ಬೇಡ, ಆ ನೀರನ್ನು ಗಿಡಕ್ಕೆ ಹಾಕಿ. ಅರ್ಧ ಬಕೆಟ್ ಹೋಗುತ್ತಿದ್ದರೆ ಪ್ಲಂಬರನ್ನು ಕರೆದು ಬಿಸಿನೀರಿನ ಲೈನ್ ಎಲ್ಲೆಲ್ಲಿ ಹೋಗಿದೆ ನೋಡಿ. ಪ್ರತಿ ಬಾತ್‌ರೂಮಿಗೂ ಬೇರೆ ಲೈನ್ ಇಳಿಸಿದ್ದರೆ ರಿಟರ್ನ್ ಹಾಕಿದ ಲೈನಿಗೆ ಮಾತ್ರ ಲಾಭ.

ಕೊನೆಯ ನಲ್ಲಿಯ ಹತ್ತಿರ ಬಿಸಿನೀರಿನ ಲೈನಿಗೆ ಟೀ (T ಆಕಾರದ ಜಾಯಿಂಟ್) ಹಾಕಿ, ಅಲ್ಲಿಂದ ಅರ್ಧ ಇಂಚಿನ ಸಿಪಿವಿಸಿ ಪೈಪನ್ನು ಡಕ್ಟಿನಲ್ಲಿ (ಪೈಪುಗಳು ಹೋಗುವ ಕಿಂಡಿಯಲ್ಲಿ) ಮೇಲಕ್ಕೆ ಒಯ್ಯಬೇಕು. ತಣ್ಣೀರಿಗೆ ಹಾಕುವ ಯುಪಿವಿಸಿ ಪೈಪ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ತಾರಸಿಯಲ್ಲಿ ಅದನ್ನು ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ಪೈಪಿಗೆ, ಟ್ಯಾಂಕಿನ ಪಕ್ಕದಲ್ಲೇ ಸೇರಿಸಿ.

ಈ ಲೈನಿಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್) ಹಾಕದೆ ಬಿಡಬೇಡಿ. ಅದಿಲ್ಲದಿದ್ದರೆ ಕೆಳಗೆ ನಲ್ಲಿ ತಿರುಗಿಸಿದಾಗ ಟ್ಯಾಂಕಿನ ತಳದ ತಣ್ಣೀರು ಹೊಸ ಪೈಪಿನಲ್ಲಿ ಉಲ್ಟಾ ಇಳಿದು ಬಂದು ಬಿಸಿನೀರಿಗೆ ಬೆರೆಯುತ್ತದೆ, ಆಮೇಲೆ ಸೋಲಾರ್ ಕೆಟ್ಟಿದೆ ಎಂದು ಕಂಪನಿಯವರನ್ನು ಕರೆಸಿ ಸುಮ್ನೆ ಜಗಳ.

ಇನ್ನು ಪಂಪ್. ನೀರನ್ನು ಎರಡು ಮಹಡಿ ಮೇಲಕ್ಕೆ ತಳ್ಳಬೇಕು, ದೊಡ್ಡದೇ ಬೇಕು ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಇಳಿಯುವ ಪೈಪಿನಲ್ಲೂ ನೀರು ತುಂಬಿದೆ, ಏರುವ ಪೈಪಿನಲ್ಲೂ ತುಂಬಿದೆ, ಭಾರ ಹೆಚ್ಚುಕಡಿಮೆ ಸಮ. ಪೈಪಿನೊಳಗಿನ ತಿಕ್ಕಾಟ ಮೀರಿಸಿದರೆ ಸಾಕು. ಬಿಸಿನೀರು ತಡೆಯುವ, 100 ವ್ಯಾಟಿಗೂ ಕಡಿಮೆಯ ಸರ್ಕ್ಯುಲೇಷನ್ ಪಂಪ್ ಕೇಳಿ. ಅದನ್ನು ಕೆಳಗಡೆ, ಟೀ ಹತ್ತಿರವೇ, ರಿಟರ್ನ್ ಪೈಪಿಗೆ, ಒಳಗೆ ತಿರುಗುವ ಶಾಫ್ಟ್ (ದಂಡ) ಅಡ್ಡಲಾಗಿರುವಂತೆ ಕೂರಿಸಿ. ಬೋರ್‌ವೆಲ್ ನೀರಾದರೆ ಪಂಪಿಗೆ ನೀರು ಬರುವ ಕಡೆ ಕಸ ತಡೆಯುವ ಜಾಲರಿ, ಅಂದರೆ ಸ್ಟ್ರೇನರ್ ಇರಲಿ. ಅರ್ಥಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್) ಇಲ್ಲದೆ ವೈರ್ ಎಳೆಸಬೇಡಿ.

ಬಿಸಿನೀರಿನ ಲೈನಿಗೆ ಆಗಲೇ ಪ್ರೆಶರ್ ಪಂಪ್ ಇದೆಯಾ? ಹಾಗಾದರೆ ಈ ಸಣ್ಣ ಪಂಪ್ ಬೇಡ. ರಿಟರ್ನ್ ಪೈಪನ್ನು ಸುಮ್ನೆ ತೆರೆದಿಟ್ಟರೆ ಪ್ರೆಶರ್ ಪಂಪ್ ನಿಲ್ಲದೆ ಓಡುತ್ತಿರುತ್ತದೆ. ಬಟನ್ ಒತ್ತಿದಾಗ ಮಾತ್ರ ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವನ್ನು ರಿಟರ್ನ್ ಪೈಪಿಗೆ ಹಾಕಿಸಿ.

ಪಂಪನ್ನು ಇಡೀ ದಿನ ಓಡಿಸುವ ಮಾತೇ ಬೇಡ. ರಾತ್ರಿಯೆಲ್ಲ ನೀರು ಪೈಪಿನಲ್ಲಿ ಸುತ್ತಿದರೆ ಟ್ಯಾಂಕೇ ಆರಿಹೋಗುತ್ತದೆ, ಬೆಳಿಗ್ಗೆ ಬ್ಯಾಕಪ್ ಹೀಟರ್ ಹಾಕಬೇಕಾಗುತ್ತದೆ. ಬಾತ್‌ರೂಮಿನ ಹೊರಗೆ ಕಾಲಿಂಗ್ ಬೆಲ್ ತರದ ಬಟನ್, ಅದಕ್ಕೊಂದು ಟೈಮರ್ ಇದ್ದರೆ ಆಯಿತು. ತಾರಸಿ ಮೇಲಿನ ಪೈಪುಗಳಿಗೆ ಬಿಸಿ ಆರದಂತೆ ನೈಟ್ರೈಲ್ ಫೋಮ್ ಸುತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿಸಿ. ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಗಾಳಿ ಪೂರ್ತಿ ಹೊರಗೆ ಬಿಟ್ಟು, ಮಾರನೆಯ ಬೆಳಿಗ್ಗೆ ಬಟನ್ ಒತ್ತಿ, ಟೀ ದಾಟಿದ ಮೇಲಿನ ರಿಟರ್ನ್ ಪೈಪಿನ ಮೇಲೆ ಕೈ ಇಡಿ. ಅದು ಬೆಚ್ಚಗಾಗಲು ಎಷ್ಟು ಹೊತ್ತು ಹಿಡಿಯಿತೋ ಟೈಮರಿಗೆ ಅಷ್ಟೇ ಕೊಡಿ.