ಎಡಗೈ ಮರಗೆಲಸ: ನಾನು ಬದಲಿಸಿದ್ದು, ಬದಲಿಸದೆ ಬಿಟ್ಟದ್ದು

ಟ್ರಿಗರ್‌ನಿಂದ ಬೆರಳು ತೆಗೆದಿದ್ದೆ. ಆದರೂ ಡ್ರಿಲ್ ತಿರುಗುತ್ತಲೇ ಇತ್ತು. ಬಿಟ್ ಮರದ ಗಂಟಿಗೆ ಸಿಕ್ಕಿಕೊಂಡು ಹಲಗೆ ಗರ್ರನೆ ಸುತ್ತಿ ಮಣಿಕಟ್ಟಿಗೆ ಬಡಿಯಿತು. ಪ್ಲಗ್ ಎಳೆದ ಮೇಲೆಯೇ ಅದು ನಿಂತದ್ದು. ಮೂರು ವಾರ ಉಳಿ ಹಿಡಿಯಲಾಗಲಿಲ್ಲ.

ಎಡಗೈ ಅಂದರೆ ಎಡವಟ್ಟು ಎಂಬ ಮಾತು ಕೇಳಿಯೇ ಬೆಳೆದವನು ನಾನು. ಅವತ್ತೂ ತಪ್ಪು ನನ್ನ ಕೈಯದೇ ಅಂದುಕೊಂಡೆ. ಊತ ಇಳಿದ ಮೇಲೆ ಪ್ಲಗ್ ಹಾಕದೆ ಡ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಟ್ರಿಗರನ್ನು ಒತ್ತಿದಂತೆಯೇ ಹಿಡಿದಿಡುವ ಲಾಕ್ ಬಟನ್ ಹಿಡಿಯ ಎಡಬದಿಗಿತ್ತು. ಬಲಗೈಯವರಿಗೆ ಅದು ಹೆಬ್ಬೆರಳಿನ ಜಾಗ, ಬೇಕೆಂದಾಗ ಮಾತ್ರ ಒತ್ತುತ್ತಾರೆ. ನನಗೆ ಅಂಗೈ ಬಂದು ಕೂರುವುದೇ ಅಲ್ಲಿ. ಜೋಪಾನ ಅಂತ ಬಿಗಿಯಾಗಿ ಹಿಡಿದಷ್ಟೂ ಲಾಕ್ ಬೀಳುತ್ತಿತ್ತು!

ಈಗ ಹಲಗೆಯನ್ನು ಕ್ಲ್ಯಾಂಪ್‌ನಲ್ಲಿ ಬಿಗಿಯದೆ ತೂತು ಕೊರೆಯುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಲಾಕ್ ಬಟನ್ ಇಲ್ಲದ ಬ್ಯಾಟರಿ ಡ್ರಿಲ್ ಬಳಸುತ್ತೇನೆ. ತಂತಿಯದ್ದೇ ಬೇಕಾದರೆ ಮೊದಲು ಗಾಳಿಯಲ್ಲಿ ಒಮ್ಮೆ ಓಡಿಸಿ, ಬಿಟ್ಟ ಕೂಡಲೇ ನಿಲ್ಲುತ್ತದೆಯೇ ನೋಡುತ್ತೇನೆ. ಚಕ್ರ ತಿರುಗಿಸಿ ಉಜ್ಜುವ, ಕತ್ತರಿಸುವ ಗ್ರೈಂಡರ್‌ನ ಪಕ್ಕದ ಹಿಡಿಯನ್ನು ಬಿಚ್ಚಿ ಇನ್ನೊಂದು ಬದಿಗೆ ಹಾಕಿಕೊಂಡೆ. ಹಾಗೆ ಮಾಡಿದಾಗ ಚಕ್ರದ ಮೇಲಿನ ಗಾರ್ಡನ್ನೂ ತಿರುಗಿಸಲೇಬೇಕು, ಇಲ್ಲದಿದ್ದರೆ ಕಿಡಿ ನಮ್ಮ ಕಡೆಗೇ ಹಾರೀತು. ಕತ್ತರಿ ಎಡಗೈಯದ್ದೇ ಕೊಂಡೆ.

ಎಡಗೈಯವರು ಬೇಗ ಸಾಯುತ್ತಾರೆ ಅಂತ ಹೆದರಿಸುವವರೂ ಇದ್ದಾರೆ. 1991ರ ಒಂದು ಅಮೆರಿಕನ್ ಅಧ್ಯಯನ ಸುಮಾರು ಒಂಬತ್ತು ವರ್ಷದ ಅಂತರ ಹೇಳಿತ್ತು. ಆದರೆ ಹಳೆಯ ತಲೆಮಾರಿನ ಅನೇಕರನ್ನು ಚಿಕ್ಕಂದಿನಲ್ಲೇ ಬಲಗೈಗೆ ತಿರುಗಿಸಿಬಿಟ್ಟಿದ್ದರು. ಮುದುಕರಲ್ಲಿ ಎಡಗೈಯವರ ಲೆಕ್ಕ ಕಡಿಮೆ ಬಂದದ್ದಕ್ಕೆ ಅದು ದೊಡ್ಡ ಕಾರಣ, ಅವರು ಬೇಗ ಸತ್ತರು ಅಂತಲ್ಲ. ಆ ಅಂಕಿಗೆ ನಾನು ಅಂಜುವುದಿಲ್ಲ. ಆ ಬಟನ್ ಎಲ್ಲಿದೆ ಅನ್ನುವುದು ನನಗೆ ಮುಖ್ಯ.

ಚೈನ್‌ಸಾ, ಅಂದರೆ ಸರಪಳಿ ಓಡುವ ಎಂಜಿನ್ ಗರಗಸ, ಮಾತ್ರ ಬೇರೆ. ಅದನ್ನು ಎಡಗೈಗೆ ಒಗ್ಗಿಸಲು ಹೋಗಲೇಬೇಡಿ. ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನದರಲ್ಲಿ ಇದ್ದಾಗ ಸರಪಳಿ ದೇಹದ ಬಲಪಕ್ಕಕ್ಕೆ ಸರಿದಿರುತ್ತದೆ, ಗರಗಸ ಪುಟಿದರೆ ಎಡಗೈ ಮಣಿಕಟ್ಟು ಸರಪಳಿ ನಿಲ್ಲಿಸುವ ಬ್ರೇಕಿಗೆ ತಾಗುತ್ತದೆ. ಕೈ ಅದಲುಬದಲಾದರೆ ಪುಟಿಯುವ ದಾರಿಯಲ್ಲೇ ನಮ್ಮ ಕುತ್ತಿಗೆ, ಭುಜ. ಎಂಜಿನ್ ಆರಿಸಿಯೇ ಎರಡು ವಾರ ದಿನಾ ಹತ್ತು ನಿಮಿಷ ಬಲಗೈ ಹಿಂದೆ, ಎಡಗೈ ಮುಂದೆ ಇಟ್ಟು ಹಿಡಿದು, ಎತ್ತಿ, ಇಳಿಸಿ ಅಭ್ಯಾಸ ಮಾಡಿದೆ. ಅದು ಮೈಗೂಡಿದ ಮೇಲೆಯೇ ಪೆಟ್ರೋಲ್ ಹಾಕಿದ್ದು.