ಸ್ಪ್ಲೆಂಡರ್‌ಗೆ ದೊಡ್ಡ ಪಿಸ್ಟನ್: ಲೇತ್ ಅಂಗಡಿಯಲ್ಲೇ ಮುಕ್ಕಾಲು ಕೆಲಸ

ಹಳೆ ಸ್ಪ್ಲೆಂಡರ್‌ಗೆ ದೊಡ್ಡ ಪಿಸ್ಟನ್ ಹಾಕಿಸಿ, ತಿಂಗಳೊಳಗೆ ಎಂಜಿನ್ ಸೀಜ್ (ಪಿಸ್ಟನ್ ಕಚ್ಚಿ ನಿಲ್ಲುವುದು) ಮಾಡಿಕೊಂಡವರು ಹುಬ್ಬಳ್ಳಿಯ ಯಾವ ಗ್ಯಾರೇಜಿಗೆ ಹೋದರೂ ಸಿಗುತ್ತಾರೆ. ಬೈಗುಳವೆಲ್ಲ ಪಿಸ್ಟನ್ ಕಂಪನಿಗೆ. ಬೋರ್, ಅಂದರೆ ಸಿಲಿಂಡರ್‌ನ ಒಳ ಅಗಲ, ಅಳೆದು ನೋಡಿದವರು ಕಡಿಮೆ.

ಮೊದಲು ಲೆಕ್ಕ. ಸ್ಪ್ಲೆಂಡರ್‌ನ ಬೋರ್ 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 49.5 ಮಿ.ಮೀ., ಒಟ್ಟು 97.2 ಸಿಸಿ. ಅಂಗಡಿಯಲ್ಲಿ ಸಿಗುವ ಓವರ್‌ಸೈಜ್ ಪಿಸ್ಟನ್ 0.25, 0.50, 0.75, 1.00 ಮಿ.ಮೀ. ಹೀಗೆ ಏರುತ್ತವೆ. ಕೊನೆಯ 1.00 ಹಾಕಿದರೂ ಬೋರ್ 51 ಆಗಿ, ಎಂಜಿನ್ ಸುಮಾರು 101 ಸಿಸಿ ಆಗುತ್ತದೆ. ಶೇ 4ರಷ್ಟು ಜಾಸ್ತಿ, ಅಷ್ಟೇ. ಸವೆದ ಎಂಜಿನ್‌ಗೆ ಹಾಕಿದಾಗ ಪಿಕಪ್ ಬಹಳ ಬಂತು ಅನ್ನಿಸುವುದು ಹೋದ ಕಂಪ್ರೆಷನ್ ಮರಳಿ ಬಂದದ್ದರಿಂದ.

53 ಮಿ.ಮೀ. ಪಿಸ್ಟನ್ ಹಾಕಿ 109 ಸಿಸಿ ಮಾಡುವವರೂ ಇದ್ದಾರೆ. ನಾನಂತೂ ಬೇಡ ಅನ್ನುತ್ತೇನೆ. ಸಿಲಿಂಡರ್ ಒಳಗಿನ ಸ್ಲೀವ್ (ಬೀಡಿನ ಕೊಳವೆ) ತೆಳುವಾಗುತ್ತದೆ, ಬಿಸಿ ಹೆಚ್ಚುತ್ತದೆ. ಆರ್‌ಸಿಯಲ್ಲಿ ಬರೆದ ಸಿಸಿಗೂ ಎಂಜಿನ್‌ಗೂ ತಾಳೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಲ್ಲಿ ಹೇಳುವುದು ಕಾರ್ಬೊರೇಟರ್ ಇರುವ, ಬೀಡಿನ ಸ್ಲೀವ್ ಇರುವ ಹಳೆ ಗಾಡಿಗಳಿಗೆ ಮಾತ್ರ. ಸಿಲಿಂಡರ್ ಒಳಗೆ ನಿಕಾಸಿಲ್ ಎಂಬ ತೆಳ್ಳನೆಯ ಗಟ್ಟಿ ಲೇಪನ ಇರುವ ಗಾಡಿಯನ್ನು ಬೋರ್ ಮಾಡಿಸಲು ಹೋಗಬೇಡಿ.

ಬಿಚ್ಚುವುದು ಸುಲಭ. ಆಯಿಲ್ ಇಳಿಸಿ, ಕಾರ್ಬೊರೇಟರ್, ಸೈಲೆನ್ಸರ್ ತೆಗೆದು, ಹೆಡ್ ಆಮೇಲೆ ಸಿಲಿಂಡರ್ ಬ್ಲಾಕ್. ಟೈಮಿಂಗ್ ಚೈನ್ ಒಳಗೆ ಬೀಳದಂತೆ ತಂತಿ ಕಟ್ಟಿ. ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿಯೇ ಪಿಸ್ಟನ್ ಪಿನ್ ಹಿಡಿದಿರುವ ಲಾಕ್ ಬಿಚ್ಚಿ. ಅಂಟಿದ ಗ್ಯಾಸ್ಕೆಟ್ ಕೆರೆಯಲು ಹ್ಯಾಕ್ಸಾ ಬ್ಲೇಡ್ ಬೇಡ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ.

ಇನ್ನು ಬೋರಿಂಗ್. ಬ್ಲಾಕ್ ಒಂದನ್ನೇ ಲೇತ್ ಅಂಗಡಿಗೆ ಕೊಟ್ಟು, ‘0.50ಕ್ಕೆ ಬೋರ್ ಮಾಡಿಡ್ರಿ, ಪಿಸ್ಟನ್ ನಾಳೆ ತರತೀನಿ’ ಅಂದರೆ ಕೆಲಸ ಕೆಟ್ಟಂತೆ. ಒಂದೇ ಅಳತೆಯ ಎರಡು ಪಿಸ್ಟನ್‌ಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಪಿಸ್ಟನ್ ಮೊದಲು ಕೊಳ್ಳಿ, ಬ್ಲಾಕ್ ಜೊತೆಗೇ ಕೊಡಿ. ಅವರು ಮೈಕ್ರೋಮೀಟರ್ ಹಿಡಿದು ಪಿಸ್ಟನ್‌ನ ಕೆಳಗಿನ ಸ್ಕರ್ಟ್ ಹತ್ತಿರ, ಪಿನ್ ತೂತಿಗೆ ಅಡ್ಡಲಾಗಿ ಅಳೆಯಬೇಕು. ತಲೆಯ ಹತ್ತಿರ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿ ಪಿಸ್ಟನ್ ಸ್ವಲ್ಪ ಸಣ್ಣದಿರುತ್ತದೆ. ಕಟರ್‌ನಿಂದ ಪೂರ್ತಿ ಅಳತೆಗೆ ಕೊರೆಯಬಾರದು. ಕೊನೆಯ ಒಂದಿಷ್ಟನ್ನು ಹೋನಿಂಗ್‌ಗೆ, ಅಂದರೆ ಕಲ್ಲಿನಿಂದ ಉಜ್ಜಿ ನಯಮಾಡುವುದಕ್ಕೆ, ಬಿಡಬೇಕು. ಹೋನಿಂಗ್ ಆದ ಗೋಡೆಯಲ್ಲಿ ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಗೆರೆಗಳು ಕಾಣಬೇಕು, ಆಯಿಲ್ ನಿಲ್ಲುವುದು ಅಲ್ಲೇ. ಕನ್ನಡಿಯಂತೆ ಹೊಳೆಯುವ ಬೋರ್ ನೋಡಿ ಖುಷಿಪಡಬೇಡಿ.

ಪಿಸ್ಟನ್‌ಗೂ ಗೋಡೆಗೂ ನಡುವೆ 0.03ರಿಂದ 0.04 ಮಿ.ಮೀ. ಸಂದು ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿಗೆ ಅಳೆಯಲು ಹೇಳಿ. ಎದುರಿಗೇ ನಿಂತು ನೋಡಿ. ಹೋನಿಂಗ್ ಮುಗಿದ ಕೂಡಲೇ ಅಳೆಯುವುದಲ್ಲ, ಬ್ಲಾಕ್ ಕೈಗೆ ತಣ್ಣಗೆ ತಾಗಬೇಕು. ‘ಏನೂ ಆಗೂದಿಲ್ಲರಿ, ಓಡಿಸ್ಕೊಂತ ಸೆಟ್ ಆಕ್ಕೈತಿ’ ಅಂದರೆ ಬ್ಲಾಕ್ ಎತ್ತಿಕೊಂಡು ಬೇರೆ ಅಂಗಡಿಗೆ ನಡೆಯಿರಿ. ಬಿಗಿಯಾದ ಬೋರ್ ಓಡಿಸಿದರೆ ಸಡಿಲ ಆಗುವುದಿಲ್ಲ. ಬಿಸಿಗೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ.

ಮನೆಗೆ ತಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮುಗಿಸಬೇಡಿ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳೊಳಗೇ ಉಳಿಯುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಿಡಿದು ಉಜ್ಜಿ. ಒರೆಸಿ, ಆಯಿಲ್ ಹಚ್ಚಿದ ಬಿಳಿ ಬಟ್ಟೆಯನ್ನು ಒಳಗೆ ಆಡಿಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ.

ರಿಂಗ್‌ಗಳನ್ನು ಒಂದೊಂದಾಗಿ ಬೋರ್‌ನೊಳಗೆ ಬಿಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ (ರಿಂಗ್‌ನ ಎರಡು ತುದಿಗಳ ನಡುವಿನ) ಸಂದನ್ನು ಫೀಲರ್ ಗೇಜ್‌ನಿಂದ (ತೆಳು ತಗಡಿನ ಅಳತೆಪಟ್ಟಿ) ನೋಡಿ. ಈ ಅಳತೆಯ ಬೋರ್‌ಗೆ ಮೇಲಿನ ರಿಂಗ್‌ನಲ್ಲಿ 0.2 ಮಿ.ಮೀ. ಆಸುಪಾಸು ಇರಲಿ. ಅಗ್ಗದ ಸೆಟ್ಟುಗಳಲ್ಲಿ ಸಂದೇ ಇಲ್ಲದಂತೆ ಕೂತುಬಿಡುವ ರಿಂಗ್ ಬರುತ್ತವೆ, ಅಂಥದ್ದನ್ನು ವಾಪಸ್ ಕೊಡಿ. ಬರಹ ಇರುವ ಮುಖ ಮೇಲಕ್ಕೆ, ಬಾಯಿಗಳು ಒಂದೇ ಸಾಲಿಗೆ ಬರದಂತೆ ಹಂಚಿ. ಪಿಸ್ಟನ್ ಮೇಲಿನ ‘ಇನ್’ ಗುರುತು ಕಾರ್ಬೊರೇಟರ್ ಕಡೆಗೆ ಇರಬೇಕು. ಪಿನ್ ಲಾಕ್‌ಗಳು ಹೊಸವೇ ಆಗಬೇಕು. ಹಳೆ ಲಾಕ್ ಉಳಿಸಿದ ಹತ್ತು ರೂಪಾಯಿ ಬ್ಲಾಕ್ ಪೂರ್ತಿ ಗೀಚಿಹಾಕುತ್ತದೆ.

ಹೆಡ್ ಕೂರಿಸಿ, ಟೈಮಿಂಗ್ ಗುರುತು ಹೊಂದಿಸಿ, ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟ್ಯಾಪೆಟ್ (ವಾಲ್ವ್‌ನ ಸಂದು) ನೋಡಿ. ಆಯಿಲ್ ತುಂಬಿ, ಪ್ಲಗ್ ತೆಗೆದು, ಸುಮ್ನೆ ಒಂದಷ್ಟು ಕಿಕ್ ಹೊಡೆಯಿರಿ.

ಕೆಲವು ದಿನ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮೇನ್ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಹಾಕಿ. ಏರ್ ಫಿಲ್ಟರ್ ಕಿತ್ತರೆ ಪಿಕಪ್ ಬರುತ್ತೆ ಅನ್ನುವ ಸಲಹೆ ಕೇಳಬೇಡಿ. ಗದಗ, ನವಲಗುಂದದ ಕಡೆ ಬೇಸಿಗೆಯಲ್ಲಿ ಏಳುವ ಎರೆಮಣ್ಣಿನ ಧೂಳು ಹೊಸ ರಿಂಗನ್ನು ಬೇಗ ತಿಂದುಹಾಕುತ್ತದೆ.

ಮೊದಲ 500 ಕಿ.ಮೀ. ಡಬಲ್ ಸೀಟ್ ಬೇಡ, ಪೂರ್ತಿ ಆಕ್ಸಿಲರೇಟರ್ ಬೇಡ. ಅಣ್ಣಿಗೇರಿ ಕಡೆಯ ಸಪಾಟು ರಸ್ತೆ ಇದಕ್ಕೆ ಚೆನ್ನ, ಆದರೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗಬೇಡಿ. ಏರಿಸುತ್ತ ಇಳಿಸುತ್ತ ಇರಿ. 500ಕ್ಕೆ ಆಯಿಲ್ ಇಳಿಸುವಾಗ ಕೆಳಗೆ ತಟ್ಟೆ ಇಡಿ. ನುಣ್ಣನೆಯ ಮಿನುಗು ಇದ್ದರೆ ಚಿಂತೆ ಬೇಡ. ಬೆರಳಿಗೆ ಚೂರು ಸಿಕ್ಕರೆ ಗಾಡಿ ಸ್ಟಾರ್ಟ್ ಮಾಡದೆ ಹೆಡ್ ಮತ್ತೆ ಬಿಚ್ಚಿ.